ಕಂಡದ್ದನ್ನು ಕಟ್ಟುವ ಕುಂಚ: ಇಲ್ಯಾ ರೇಪಿನ್‌ನ ವಾಸ್ತವವಾದ

ಇಲ್ಯಾ ಯೆಫಿಮೊವಿಚ್ ರೇಪಿನ್ (1844–1930) ಹತ್ತೊಂಬತ್ತನೆಯ ಶತಮಾನದ ರಷ್ಯನ್ ಸಾಮ್ರಾಜ್ಯದಲ್ಲಿ ಅತಿ ಹೆಚ್ಚು ಹೆಸರು ಮಾಡಿದ ವಾಸ್ತವವಾದಿ ಚಿತ್ರಕಾರ. ವಾಸ್ತವವಾದಿ ಚಿತ್ರವನ್ನು ಮೆಚ್ಚುವವರು ಸಾಮಾನ್ಯವಾಗಿ 'ಥೇಟ್ ಫೋಟೊ ತೆಗೆದ ಹಾಗಿದೆ' ಎಂದು ಮುಂದಿನ ಚಿತ್ರಕ್ಕೆ ಹೋಗುತ್ತಾರೆ. ಮೆಚ್ಚದವರ ಆಕ್ಷೇಪವೂ ಇದೇ ಮಾತು. ರೇಪಿನ್ನನ ವಿಷಯದಲ್ಲಿ ಈ ಹೊಗಳಿಕೆಯೂ ಸಲ್ಲದು, ಈ ತೆಗಳಿಕೆಯೂ ಸಲ್ಲದು. ಅವನ ದೊಡ್ಡ ಚಿತ್ರಗಳು ಮೂರು ವರ್ಷ, ಐದು ವರ್ಷ, ಒಮ್ಮೊಮ್ಮೆ ಹತ್ತು ವರ್ಷ ಕೈಯಲ್ಲಿದ್ದವು. ಆ ಅವಧಿಯಲ್ಲಿ ಮುಖಗಳು ಬದಲಾದವು, ನಿಂತಿದ್ದವರು ಜಾಗ ಬದಲಿಸಿದರು, ಇಡೀ ಗುಂಪುಗಳೇ ಮಾಯವಾದವು. ಎದುರಿಗೆ ಕಂಡದ್ದರಲ್ಲಿ ಯಾವುದನ್ನು ಉಳಿಸಿಕೊಂಡ, ಯಾವುದನ್ನು ಅಳಿಸಿದ, ಉಳಿದದ್ದನ್ನು ಯಾವ ಕುಂಚದಿಂದ ಬರೆದ ಎಂಬುದನ್ನು ಹಿಂಬಾಲಿಸಿದಾಗಲೇ ಈ ಕಲೆಯ ಒಳಗುಟ್ಟು ಸಿಗುವುದು.

ರೇಪಿನ್ ಹುಟ್ಟಿದ್ದು ಇಂದಿನ ಉಕ್ರೇನಿನ ಖಾರ್ಕಿವ್ ಬಳಿಯ ಚುಗುಯೆವ್ ಎಂಬ ಸಣ್ಣ ಪಟ್ಟಣದಲ್ಲಿ. ತಂದೆ ಸೈನಿಕ ವಸಾಹತಿಗೆ ಸೇರಿದವನು, ಕುದುರೆ ವ್ಯಾಪಾರ ಮಾಡುತ್ತಿದ್ದ. ಹುಡುಗ ಮೊದಲು ನಕ್ಷೆ ಬರೆಯುವ ಶಾಲೆಗೆ ಹೋದ, ಆಮೇಲೆ ಇವಾನ್ ಬುನಾಕೊವ್ ಎಂಬ ಐಕಾನ್ ಚಿತ್ರಕಾರನ ಹತ್ತಿರ ಕೆಲಸ ಕಲಿತ. ಐಕಾನ್ ಎಂದರೆ ಆರ್ಥೊಡಾಕ್ಸ್ ಕ್ರೈಸ್ತರು ಪೂಜಿಸುವ, ಹಲಗೆಯ ಮೇಲೆ ಬರೆದ ಸಂತರ ಚಿತ್ರ. ಹದಿಹರೆಯದಲ್ಲೇ ಊರೂರು ತಿರುಗುತ್ತ ಚರ್ಚುಗಳಿಗೆ ಇಂಥ ಚಿತ್ರ ಬರೆದು ಸಂಪಾದಿಸಿದ ಅನುಭವ ಅವನಿಗಿತ್ತು. ಈ ಕಸುಬಿನಲ್ಲಿ ಮುಖವೇ ಎಲ್ಲ. ಉಡುಪು, ಹಿನ್ನೆಲೆಗಳದು ಆಮೇಲಿನ ಮಾತು. ಮುಂದೆ ರೈತ, ಕೂಲಿ, ಕೈದಿಗಳ ಮುಖಕ್ಕೂ ಅದೇ ಘನತೆಯ ನಿಲುವನ್ನು ರೇಪಿನ್ ತಂದದ್ದರಲ್ಲಿ ಈ ಮೊದಲ ಪಾಠದ ಪಾಲು ದೊಡ್ಡದು.

1863ರಲ್ಲಿ ಅವನು ಸೇಂಟ್ ಪೀಟರ್ಸ್‌ಬರ್ಗ್‌ಗೆ ಬಂದಾಗ ಅಲ್ಲಿನ ಕಲಾ ಅಕಾಡೆಮಿಯಲ್ಲಿ ಗಲಾಟೆ ನಡೆದಿತ್ತು. ಚಿನ್ನದ ಪದಕದ ಸ್ಪರ್ಧೆಗೆ ಅಕಾಡೆಮಿ ಕೊಟ್ಟ ಪುರಾಣದ ವಸ್ತುವನ್ನು ಒಪ್ಪದೆ, ತಮ್ಮ ವಸ್ತುವನ್ನು ತಾವೇ ಆರಿಸಿಕೊಳ್ಳುತ್ತೇವೆಂದು ಇವಾನ್ ಕ್ರಾಮ್‌ಸ್ಕೊಯ್ ಮುಂದಾಳತ್ವದಲ್ಲಿ ಹದಿನಾಲ್ಕು ವಿದ್ಯಾರ್ಥಿಗಳು ಹೊರನಡೆದಿದ್ದರು. ಈ ಬಂಡಾಯದ ಹಾದಿಯಲ್ಲೇ 1870ರಲ್ಲಿ 'ಪೆರೆದ್ವಿಜ್ನಿಕಿ' ಎಂಬ ಸಂಚಾರಿ ಚಿತ್ರಕಾರರ ಸಂಘ ಹುಟ್ಟಿತು. ಚಿತ್ರಗಳನ್ನು ರಾಜಧಾನಿಯಲ್ಲಿ ಕಟ್ಟಿಹಾಕದೆ ಊರಿಂದ ಊರಿಗೆ ಒಯ್ದು ತೋರಿಸುವುದು ಅದರ ಪದ್ಧತಿ. ರೇಪಿನ್ ಎರಡೂ ಕಡೆಯಿಂದ ಕಲಿತ. ಕ್ರಾಮ್‌ಸ್ಕೊಯ್‌ನಿಂದ ವಸ್ತುವಿನ ನಿಷ್ಠೆ ಬಂತು. ಅಕಾಡೆಮಿಯ ಪಾವೆಲ್ ಚಿಸ್ತ್ಯಾಕೊವ್‌ನಿಂದ ರೇಖೆಯ ಕಟ್ಟುನಿಟ್ಟು ಬಂತು: ತಲೆಯನ್ನು ಬರೆಯುವಾಗ ಹೊರಗೆರೆಯನ್ನು ನಕಲು ಮಾಡುವುದು ಬಿಟ್ಟು, ಮೂಳೆ, ತಗ್ಗು, ಉಬ್ಬುಗಳು ಬೆಳಕಿಗೆ ಯಾವ ಕೋನದಲ್ಲಿ ತಿರುಗಿವೆ ಎಂದು ಮೊದಲು ಅಳೆಯಬೇಕು ಎಂಬ ಶಿಸ್ತು. ಅಕಾಡೆಮಿಯನ್ನು ಬಯ್ಯುತ್ತಲೇ 1871ರಲ್ಲಿ ಅದರ ದೊಡ್ಡ ಚಿನ್ನದ ಪದಕವನ್ನೂ ಗೆದ್ದ. ಸಂಚಾರಿ ಸಂಘಕ್ಕೆ ಸೇರಿದ್ದು 1878ರಲ್ಲಿ.

ಅವನ ಹೆಸರು ನಿಂತದ್ದು 'ವೋಲ್ಗಾ ತೀರದ ದೋಣಿ ಎಳೆಯುವವರು' (1870–73) ಚಿತ್ರದಿಂದ. ಸರಕು ತುಂಬಿದ ದೋಣಿಯನ್ನು ಪ್ರವಾಹಕ್ಕೆ ಎದುರಾಗಿ ದಡದಿಂದ ಹಗ್ಗ ಕಟ್ಟಿ ಎಳೆಯುವ ಕೂಲಿಗಳಿಗೆ ರಷ್ಯನ್ನರು 'ಬುರ್ಲಾಕ್' ಎನ್ನುತ್ತಾರೆ. ರೇಪಿನ್ ಅವರನ್ನು ಮೊದಲು ಕಂಡದ್ದು ರಾಜಧಾನಿಯ ಹತ್ತಿರ ನೆವಾ ನದಿಯ ದಡದಲ್ಲಿ. ಒಂದು ಕಡೆ ಬಣ್ಣಬಣ್ಣದ ಬಟ್ಟೆ ತೊಟ್ಟು ವಿಹಾರಕ್ಕೆ ಬಂದ ಹೆಂಗಸರು, ಅವರೆದುರೇ ಚಿಂದಿ ಬಟ್ಟೆಯ, ಎದೆಗೆ ಪಟ್ಟಿ ಬಿಗಿದುಕೊಂಡ ಗುಂಪು. ಮೊದಲ ಕರಡಿನಲ್ಲಿ ಈ ಎರಡೂ ಇದ್ದವು. ಭೂದೃಶ್ಯ ಚಿತ್ರಕಾರ ಫ್ಯೋದೊರ್ ವಸೀಲ್ಯೆವ್ ಅದನ್ನು ನೋಡಿ, ಆ ಹೆಂಗಸರಿಂದ ಚಿತ್ರ ಬೋಧನೆಯ ಪಾಠವಾಗುತ್ತದೆ, ತೆಗೆದುಬಿಡು ಎಂದ. ರೇಪಿನ್ ತೆಗೆದ. 1870ರ ಬೇಸಿಗೆಯಲ್ಲಿ ವಸೀಲ್ಯೆವ್ ಮತ್ತಿತರರ ಜೊತೆ ವೋಲ್ಗಾ ತೀರದ ಶಿರ್ಯಾಯೆವೊ ಹಳ್ಳಿಗೆ ಹೋಗಿ ನೆಲೆಸಿದ. ದುಡ್ಡು ಕೊಟ್ಟು ಚಿತ್ರ ಬರೆಸಿಕೊಳ್ಳಿ ಎನ್ನುವವನು ಆತ್ಮವನ್ನು ಕೊಳ್ಳಲು ಬಂದ ಕ್ರಿಸ್ತವಿರೋಧಿ ಎಂದು ಹಳ್ಳಿಯವರಿಗೆ ಗುಮಾನಿ; ಈ ಪ್ರಸಂಗವನ್ನು ಅವನ ಆತ್ಮಕಥನ ತಮಾಷೆಯಾಗಿಯೇ ಹೇಳುತ್ತದೆ.

ಈಗ ಸೇಂಟ್ ಪೀಟರ್ಸ್‌ಬರ್ಗ್‌ನ ರಷ್ಯನ್ ಮ್ಯೂಸಿಯಂನಲ್ಲಿರುವ ಈ ಚಿತ್ರ ಸುಮಾರು 131 ಸೆಂ.ಮೀ. ಎತ್ತರ, 281 ಸೆಂ.ಮೀ. ಅಗಲ. ಎತ್ತರದ ಎರಡರಷ್ಟಕ್ಕೂ ಮಿಗಿಲಾದ ಈ ಅಗಲವೇ ನದಿಯ ಉದ್ದವನ್ನು ಹೇಳುತ್ತದೆ. ಹನ್ನೊಂದು ಜನ ಒಂದೇ ಹಗ್ಗಕ್ಕೆ ಬಿಗಿದುಕೊಂಡು ಚಿತ್ರದ ಆಳದಿಂದ ಓರೆಯಾಗಿ ನೋಡುಗನ ಕಡೆಗೆ ಬರುತ್ತಿದ್ದಾರೆ. ಕ್ಷಿತಿಜದ ಗೆರೆ ತಗ್ಗಿನಲ್ಲಿದೆ. ಹಾಗಾಗಿ ಮುಂದಿನವರ ತಲೆಗಳು ಆಕಾಶಕ್ಕೆ ಎದ್ದು ನಿಲ್ಲುತ್ತವೆ, ಬಾಗಿದ ಮೈಯೂ ಶಿಲ್ಪದ ತೂಕ ಪಡೆಯುತ್ತದೆ. ಬಣ್ಣ ಬಹುಪಾಲು ಕಂದು, ಮಣ್ಣು, ಬೂದು. ಇವೆಲ್ಲದರ ನಡುವೆ ಒಬ್ಬನೇ ಹುಡುಗ, ಲಾರ್ಕಾ, ತಿಳಿಗೆಂಪು ಅಂಗಿ ತೊಟ್ಟು ಸೆಟೆದು ನಿಂತು ಪಟ್ಟಿಯನ್ನು ಎದೆಯಿಂದ ಸಡಿಲಿಸಿಕೊಳ್ಳುತ್ತಿದ್ದಾನೆ. ಹನ್ನೊಂದು ಮೈಗಳ ಲಯದಲ್ಲಿ ಬೇರೆ ದಿಕ್ಕಿಗೆ ತಿರುಗಿದ್ದು ಇದೊಂದೇ, ಬೆಳಕು ಹಿಡಿದದ್ದೂ ಇದೊಂದೇ. ಬಂಡಾಯ ಎಂಬ ಮಾತನ್ನು ಹೇಳದೆ ಹೇಳಿದ ರೀತಿ ಇದು. ದೂರದಲ್ಲಿ ಉಗಿಹಡಗೊಂದರ ಹೊಗೆ ಏಳುತ್ತಿದೆ. ಯಂತ್ರ ಬಂದಾಗಿತ್ತು, ಆದರೂ ಕೂಲಿಯ ಎದೆ ಅಗ್ಗವಾಗಿತ್ತು.

ಮುಂದಿನ ಸಾಲಿನ ನಡುವೆ ಇರುವವನು ಕಾನಿನ್. ಪಾದ್ರಿಯಾಗಿದ್ದವನು, ದೀಕ್ಷೆ ಕಳೆದುಕೊಂಡು ಹಗ್ಗಕ್ಕೆ ಬಿದ್ದಿದ್ದ. ತಲೆಗೆ ಬಟ್ಟೆ ಸುತ್ತಿದ ಅವನನ್ನು ನೋಡಿ, ಗುಲಾಮನಾಗಿ ಮಾರಾಟವಾದ ಗ್ರೀಕ್ ತತ್ತ್ವಜ್ಞಾನಿಯ ನೆನಪಾಯಿತೆಂದು ರೇಪಿನ್ ಬರೆದುಕೊಂಡಿದ್ದಾನೆ. ಚಿತ್ರದಲ್ಲಿ ಕಾನಿನ್‌ನ ಮುಖದಲ್ಲಿ ಸಿಟ್ಟಿಲ್ಲ, ದೈನ್ಯವೂ ಇಲ್ಲ. ಏನನ್ನೋ ಲೆಕ್ಕ ಹಾಕುತ್ತಿರುವವನ ಕಣ್ಣು. 1873ರಲ್ಲಿ ಇದನ್ನು ಕಂಡ ದೊಸ್ತೊಯೆವ್‌ಸ್ಕಿಗೆ ನೆಮ್ಮದಿಯಾದದ್ದು ಇದಕ್ಕೇ: ಈ ಕೂಲಿಗಳಲ್ಲಿ ಒಬ್ಬನೂ ನೋಡುಗನಿಗೆ 'ನಾನು ಎಷ್ಟು ದುಃಖಿ ನೋಡು' ಎಂದು ಕೂಗುವುದಿಲ್ಲ ಎಂಬ ಅರ್ಥದಲ್ಲಿ ಅವನು ಮೆಚ್ಚಿದ. ಚಿತ್ರವನ್ನು ಕೊಂಡವನು ಮಾತ್ರ ಜಾರ್ ಮನೆತನದ ಗ್ರ್ಯಾಂಡ್ ಡ್ಯೂಕ್ ವ್ಲಾದಿಮಿರ್. ಅದು ತೂಗಿದ್ದು ಅವನ ಬಿಲಿಯರ್ಡ್ಸ್ ಕೋಣೆಯಲ್ಲಿ. ಅದೇ ವರ್ಷ ವಿಯೆನ್ನಾದ ವಿಶ್ವ ಪ್ರದರ್ಶನಕ್ಕೂ ಹೋಗಿ ಬಂತು. 1873ರ ವಿಯೆನ್ನಾದಲ್ಲೇ ಬಹುಮಾನ ಬಂದದ್ದನ್ನು ರಾಜಾ ರವಿವರ್ಮನ ಜೀವನಚರಿತ್ರೆಗಳೂ ಹೇಳುತ್ತವೆ. ಇಬ್ಬರ ನಡುವೆ ನಾಲ್ಕೇ ವರ್ಷದ ಅಂತರ, ಇಬ್ಬರದೂ ತೈಲವರ್ಣ. ಒಬ್ಬ ಪುರಾಣದ ಪಾತ್ರಗಳನ್ನು ಮನುಷ್ಯರ ಮೈಗೆ ಇಳಿಸಿದ, ಇನ್ನೊಬ್ಬ ಕೂಲಿಯ ಮೈಗೆ ಪುರಾಣದ ಗಾತ್ರ ಕೊಟ್ಟ.

ಅಕಾಡೆಮಿಯ ವಿದ್ಯಾರ್ಥಿವೇತನದಿಂದ 1873–76ರಲ್ಲಿ ರೇಪಿನ್ ಪ್ಯಾರಿಸ್‌ನಲ್ಲಿದ್ದ. ಇಂಪ್ರೆಷನಿಸ್ಟರ ಮೊದಲ ಪ್ರದರ್ಶನ ನಡೆದದ್ದು ಆಗಲೇ, 1874ರಲ್ಲಿ. ಅವರ ಬಣ್ಣದ ಸ್ವಾತಂತ್ರ್ಯ ಹಿಡಿಸಿತು, ವಿಷಯದ ಬಗೆಗಿನ ಅವರ ಉದಾಸೀನ ಹಿಡಿಸಲಿಲ್ಲ. ಊರಿಗೆ ಮರಳಿದ ಮೇಲಿನ ಚಿತ್ರಗಳಲ್ಲಿ ನೆರಳು ಕಪ್ಪಾಗಿ ಉಳಿಯದೆ ನೀಲಿ, ನೇರಳೆಗೆ ತಿರುಗಿದ್ದು, ಬಯಲಿನ ಬಿಸಿಲು ಕ್ಯಾನ್ವಾಸಿಗೆ ಇಳಿದದ್ದು ಆ ಮೂರು ವರ್ಷಗಳ ಫಲ.

ಕೈಚಳಕ ಅತಿ ಸ್ಪಷ್ಟವಾಗಿ ಕಾಣುವುದು ಭಾವಚಿತ್ರಗಳಲ್ಲಿ. ರೇಪಿನ್‌ಗೆ ಒಂದೇ ಸಿದ್ಧ ವಿಧಾನ ಎಂಬುದಿರಲಿಲ್ಲ. ಎದುರು ಕೂತವನು ಬದಲಾದಂತೆ ಕುಂಚದ ನಡಿಗೆಯೂ ಬದಲಾಗುತ್ತಿತ್ತು. 'ಪ್ರೊಟೊಡೀಕನ್' (1877) ಚಿತ್ರದ ದೈತ್ಯ ಧರ್ಮಾಧಿಕಾರಿಗೆ ದಪ್ಪ ಬಣ್ಣ, ಅಗಲ ಬೀಸು. ಗಡ್ಡ ಬೆಂಕಿಯಂತೆ ಹರಡಿದೆ, ಹೊಟ್ಟೆಯ ಮೇಲಿಟ್ಟ ಕೈಯಲ್ಲಿ ಅಧಿಕಾರದ ಗತ್ತೆಲ್ಲ ಇದೆ. ಸಂಗೀತಗಾರ ಮುಸೋರ್ಗ್‌ಸ್ಕಿಯ ಭಾವಚಿತ್ರ (1881) ಇದಕ್ಕೆ ತೀರ ಬೇರೆ. ಕುಡಿತದಿಂದ ಜರ್ಜರಿತನಾಗಿ ಸೈನಿಕ ಆಸ್ಪತ್ರೆ ಸೇರಿದ್ದ ಗೆಳೆಯನನ್ನು ರೇಪಿನ್ ಅವನ ಸಾವಿಗೆ ಕೆಲವೇ ದಿನ ಮುಂಚೆ, ನಾಲ್ಕೇ ಬೈಠಕ್ಕುಗಳಲ್ಲಿ ಬರೆದ. ಈಸೆಲ್ ಇರಲಿಲ್ಲ, ಸಣ್ಣ ಮೇಜಿನ ಮೇಲೆ ಕ್ಯಾನ್ವಾಸ್ ಇಟ್ಟುಕೊಂಡು ಕೆಲಸ. ಹಿನ್ನೆಲೆ ಏನೂ ಇಲ್ಲದ ತಿಳಿ ಬೂದು. ನಿಲುವಂಗಿಯನ್ನೂ ಅದರ ಕೆಂಪು ಕಾಲರನ್ನೂ ನಾಲ್ಕು ಬೀಸುಗಳಲ್ಲಿ ಮುಗಿಸಲಾಗಿದೆ. ಶ್ರಮವೆಲ್ಲ ಮುಖಕ್ಕೆ: ಊದಿದ ಕೆನ್ನೆ, ಕೆಂಪೇರಿದ ಮೂಗು, ಕೆದರಿದ ಕೂದಲು, ಅವುಗಳ ನಡುವೆ ಇನ್ನೂ ಮಂಕಾಗದ ತಿಳಿಯಾದ ಕಣ್ಣು. ಮೂಗಿನ ಕೆಂಪನ್ನು ಮುಚ್ಚಿದ್ದರೆ ಅದು ದಾಕ್ಷಿಣ್ಯವಾಗುತ್ತಿತ್ತು, ಕಣ್ಣಿನ ಹೊಳಪನ್ನು ಬಿಟ್ಟಿದ್ದರೆ ಕ್ರೌರ್ಯವಾಗುತ್ತಿತ್ತು. ರೇಪಿನ್‌ನ ಅತ್ಯುತ್ತಮ ಭಾವಚಿತ್ರ ಯಾವುದು ಎಂಬ ಚರ್ಚೆಯಲ್ಲಿ ಇದರ ಹೆಸರು ಮೊದಲು ಬರುವುದು ನ್ಯಾಯವೇ.

ಗುಂಪನ್ನು ಕಟ್ಟುವುದರಲ್ಲಿ ಅವನ ಸಾಮರ್ಥ್ಯಕ್ಕೆ 'ಕುರ್ಸ್ಕ್ ಪ್ರಾಂತದ ಧಾರ್ಮಿಕ ಮೆರವಣಿಗೆ' (1880–83) ಸಾಕ್ಷಿ. ಮಹಿಮೆಯುಳ್ಳ ಐಕಾನ್ ಹೊತ್ತು ಇಡೀ ಪ್ರಾಂತವೇ ದೂಳಿನ ದಾರಿಯಲ್ಲಿ ಸಾಗುತ್ತಿದೆ. ನಡುವೆ ಶ್ರೀಮಂತರು, ಪಾದ್ರಿಗಳು, ಅಂಚಿನಲ್ಲಿ ಬಡವರು, ಕುದುರೆಯ ಮೇಲಿನ ಅಧಿಕಾರಿ ಜನರ ಮೇಲೆ ಚಾಟಿ ಎತ್ತಿದ್ದಾನೆ. ಎಡ ಮುಂಭಾಗದಲ್ಲಿ ಊರುಗೋಲು ಹಿಡಿದ ಗೂನು ಬೆನ್ನಿನ ಹುಡುಗ ಎಲ್ಲರಿಗಿಂತ ಭಕ್ತಿಯಿಂದ ಮುನ್ನುಗ್ಗುತ್ತಿದ್ದಾನೆ, ಒಬ್ಬ ಕೋಲು ಅಡ್ಡ ಹಿಡಿದು ಅವನನ್ನು ತಡೆಯುತ್ತಿದ್ದಾನೆ. ಇಬ್ಬರು ಹೆಂಗಸರು ಐಕಾನಿನ ಖಾಲಿ ಪೆಟ್ಟಿಗೆಯನ್ನೇ ದೇವರೆಂಬಂತೆ ತಬ್ಬಿ ತರುತ್ತಿದ್ದಾರೆ. ಹಿಂದಿನ ಗುಡ್ಡದಲ್ಲಿ ಕಡಿದ ಮರಗಳ ಬುಡಗಳಷ್ಟೇ ಉಳಿದಿವೆ. ಹೀಗೆ ವಿವರ ಪಟ್ಟಿ ಮಾಡಿದರೆ ವ್ಯಂಗ್ಯಚಿತ್ರದಂತೆ ಕೇಳಿಸಬಹುದು. ಅದನ್ನು ಕಾಪಾಡಿದ್ದು ದೂಳು ಮತ್ತು ಬಿಸಿಲು. ಹಿಂದೆ ಹಿಂದೆ ಹೋದಂತೆ ಮುಖಗಳು ಬಣ್ಣದ ಚುಕ್ಕೆಗಳಾಗಿ ಕರಗುತ್ತವೆ, ಭಕ್ತನೂ ಢಾಂಬಿಕನೂ ಒಂದೇ ಕಾವಿನಲ್ಲಿ ಬೇಯುತ್ತಾರೆ. ಈ ಚಿತ್ರ ಕೊಂಡ ಮಾಸ್ಕೋದ ಜವಳಿ ವ್ಯಾಪಾರಿ ಪಾವೆಲ್ ಟ್ರೆಟ್ಯಾಕೊವ್, ಐಕಾನ್ ಹೊತ್ತ ಹೆಂಗಸಿನ ಜಾಗದಲ್ಲಿ ಚೆಲುವೆಯಾದ ಹುಡುಗಿಯೊಬ್ಬಳನ್ನು ಬರೆಯಬಹುದಲ್ಲ ಎಂದ. ರೇಪಿನ್ ಒಪ್ಪಲಿಲ್ಲ. ಟ್ರೆಟ್ಯಾಕೊವ್ ಆದರೂ ಕೊಂಡ; ತನ್ನ ಸಂಗ್ರಹವನ್ನೆಲ್ಲ 1892ರಲ್ಲಿ ಮಾಸ್ಕೋ ನಗರಕ್ಕೆ ಕೊಟ್ಟ.

ರೇಪಿನ್ ತನ್ನನ್ನು ತಾನೇ ತಿದ್ದಿಕೊಳ್ಳುತ್ತಿದ್ದ ರೀತಿಗೆ 'ಯಾರೂ ಎದುರುನೋಡಿರಲಿಲ್ಲ' (1884–88) ಒಳ್ಳೆಯ ಮಾದರಿ. ರಾಜಕೀಯ ಕಾರಣಕ್ಕೆ ಗಡೀಪಾರಾಗಿದ್ದವನು ಸುದ್ದಿಯಿಲ್ಲದೆ ಮನೆಗೆ ಮರಳಿದ್ದಾನೆ. ಬಾಗಿಲಲ್ಲಿ ಕೆಲಸದವಳು ಸಂಶಯದಿಂದ ನೋಡುತ್ತಿದ್ದಾಳೆ. ಕಪ್ಪುಡುಗೆಯ ತಾಯಿ ಕುರ್ಚಿಯಿಂದ ಅರ್ಧ ಎದ್ದಿದ್ದಾಳೆ, ಅವಳ ಬೆನ್ನಷ್ಟೇ ನಮಗೆ ಕಾಣುವುದು. ಮೇಜಿನ ಬಳಿಯ ಹುಡುಗನ ಮುಖ ಅರಳಿದೆ. ಪುಟ್ಟ ಹುಡುಗಿಗೆ ಇವನ ಗುರುತೇ ಇಲ್ಲ, ಹೆದರಿದ್ದಾಳೆ. ಇದೇ ವಸ್ತುವಿನ ಮೊದಲ, ಸಣ್ಣ ಚಿತ್ರದಲ್ಲಿ ಮರಳಿ ಬಂದವಳು ಒಬ್ಬ ವಿದ್ಯಾರ್ಥಿನಿ. ದೊಡ್ಡ ಚಿತ್ರದಲ್ಲಿ ಅವಳ ಬದಲು ಗಂಡಸು ಬಂದ, ಅವನ ಮುಖ ಮತ್ತೆ ಮತ್ತೆ ಬದಲಾಯಿತು. ಚಿತ್ರ ಟ್ರೆಟ್ಯಾಕೊವ್‌ನ ಮನೆ ಸೇರಿದ ಮೇಲೂ, ಮಾಲೀಕ ಊರಲ್ಲಿಲ್ಲದ ಹೊತ್ತಿನಲ್ಲಿ ರೇಪಿನ್ ಹೋಗಿ ಆ ತಲೆಯನ್ನು ಹೊಸದಾಗಿ ಬರೆದು ಬಂದ. ಕೊನೆಗೆ ಉಳಿದ ಮುಖದಲ್ಲಿ ವೀರನ ಠೀವಿ ಇಲ್ಲ. ತನ್ನನ್ನು ಒಳಗೆ ಕರೆಯುತ್ತಾರೋ ಇಲ್ಲವೋ ಎಂಬ ಅನುಮಾನ ಇದೆ.

ಗೋಡೆಯ ಮೇಲೆ ಕವಿಗಳಾದ ಶೆವ್ಚೆಂಕೊ, ನೆಕ್ರಾಸೊವ್‌ರ ಭಾವಚಿತ್ರಗಳು, ಕ್ರಿಸ್ತನ ಶಿಲುಬೆಯ ದೃಶ್ಯ, ಹತ್ಯೆಯಾದ ಜಾರ್ ಎರಡನೆಯ ಅಲೆಕ್ಸಾಂಡರ್‌ನ ಅಂತಿಮ ದರ್ಶನ. ಮನೆಯವರ ನಿಲುವೇನು, ಇವನು ಹೋದದ್ದೇಕೆ ಎಂಬುದನ್ನು ಈ ನಾಲ್ಕು ಚೌಕಟ್ಟುಗಳೇ ತಿಳಿಸುತ್ತವೆ. ಸೋವಿಯತ್ ವಿಜ್ಞಾನಿ ಆಲ್ಫ್ರೆಡ್ ಯಾರ್ಬುಸ್, 1965ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ಕಣ್ಣಿನ ಚಲನೆಯ ಪ್ರಯೋಗಕ್ಕೆ ಆರಿಸಿಕೊಂಡದ್ದು ಈ ಚಿತ್ರವನ್ನೇ. ಒಬ್ಬನೇ ನೋಡುಗನಿಗೆ ಬೇರೆ ಬೇರೆ ಪ್ರಶ್ನೆ ಕೊಟ್ಟು ಅವನ ದೃಷ್ಟಿ ಓಡಾಡಿದ ದಾರಿಯನ್ನು ಆತ ದಾಖಲಿಸಿದ. ಇವರ ವಯಸ್ಸೆಷ್ಟು ಎಂದು ಕೇಳಿದಾಗ ಕಣ್ಣು ಮುಖಗಳ ಮೇಲೇ ಸುತ್ತಿತು. ಮನೆಯವರ ಆರ್ಥಿಕ ಸ್ಥಿತಿ ಹೇಗಿದೆ ಎಂದಾಗ ಬಟ್ಟೆ, ಪೀಠೋಪಕರಣಗಳ ಕಡೆ ಹೋಯಿತು. ಬಂದವನು ಎಷ್ಟು ಕಾಲ ದೂರವಿದ್ದ ಎಂದಾಗ ಅವನ ಮುಖಕ್ಕೂ ಮನೆಯವರ ಮುಖಕ್ಕೂ ನಡುವೆ ಹೋಗಿ ಬಂದು ಮಾಡಿತು. ಇಷ್ಟೊಂದು ಪ್ರಶ್ನೆಗೆ ಒಂದೇ ಚಿತ್ರದಲ್ಲಿ ಉತ್ತರ ಹುಡುಕಬಹುದು ಎಂಬುದೇ ಅದರ ಸಂಯೋಜನೆಗೆ ಸಿಕ್ಕ ದೊಡ್ಡ ಪ್ರಮಾಣಪತ್ರ. ಕಲಾವಿಮರ್ಶಕರು ಕೊಟ್ಟ ಯಾವ ಪ್ರಶಂಸೆಗೂ ಇದು ಕಡಿಮೆಯದಲ್ಲ.

'ಇವಾನ್ ದಿ ಟೆರಿಬಲ್ ಮತ್ತು ಆತನ ಮಗ ಇವಾನ್' (1885) ರೇಪಿನ್‌ನ ಅತಿ ವಿವಾದದ ಕೃತಿ. 1581ರಲ್ಲಿ ಸಿಟ್ಟಿನ ಭರದಲ್ಲಿ ಮಗನ ತಲೆಗೆ ಹೊಡೆದ ಜಾರ್, ಕ್ಷಣದಲ್ಲೇ ಅರಿವು ಬಂದು ಮಗನನ್ನು ತಬ್ಬಿಕೊಂಡಿದ್ದಾನೆ. ಬೆರಳುಗಳ ನಡುವಿನಿಂದ ರಕ್ತ ಇಳಿಯುತ್ತಿದೆ. ಮಗನ ಮುಖಕ್ಕೆ ಮಾದರಿಯಾದವನು ಕಥೆಗಾರ ಗಾರ್ಶಿನ್. ಕತ್ತಲ ಕೋಣೆ, ಕೆಂಪು ರತ್ನಗಂಬಳಿ, ಮಗನ ತಿಳಿಗೆಂಪು ಉಡುಪು, ರಕ್ತ, ಹೀಗೆ ಚಿತ್ರವೆಲ್ಲ ಕೆಂಪಿನ ಬೇರೆ ಬೇರೆ ಛಾಯೆಗಳಲ್ಲೇ ಕಟ್ಟಿದ್ದು. ಕಣ್ಣು ಎತ್ತ ಹೊರಳಿದರೂ ಕೆಂಪಿನಿಂದ ಪಾರಾಗುವುದಿಲ್ಲ. ಜಾರ್ ಮೂರನೆಯ ಅಲೆಕ್ಸಾಂಡರ್ ಇದನ್ನು ಪ್ರದರ್ಶಿಸದಂತೆ ತಡೆದ, ಕೆಲವು ತಿಂಗಳ ಬಳಿಕ ತಡೆ ಹೋಯಿತು. 1913ರಲ್ಲಿ ಅಬ್ರಾಮ್ ಬಲಶೊವ್ ಎಂಬಾತ ಮುಖಗಳ ಮೇಲೆ ಚಾಕುವಿನಿಂದ ಮೂರು ಬಾರಿ ಸೀಳಿದ. ದುರಸ್ತಿಗೆಂದು ಬಂದ ವೃದ್ಧ ರೇಪಿನ್ ಜಾರ್‌ನ ತಲೆಯನ್ನು ಹೊಸ ಅಭಿರುಚಿಯ ನೇರಳೆ ಛಾಯೆಯಲ್ಲಿ ತಿದ್ದಿದ. ಚಿತ್ರವಿದ್ದ ಟ್ರೆಟ್ಯಾಕೊವ್ ಗ್ಯಾಲರಿಯ ಮುಖ್ಯಸ್ಥನಾಗಿದ್ದ ಅವನ ಶಿಷ್ಯ ಇಗೊರ್ ಗ್ರಬಾರ್ ಆ ಹಸಿ ಬಣ್ಣವನ್ನು ಒರೆಸಿ ತೆಗೆಸಿ, ಹಳೆಯ ಚಿತ್ರಕ್ಕೆ ಒಪ್ಪುವಂತೆ ಸರಿಪಡಿಸಿದ. ತಿದ್ದುವ ಅಭ್ಯಾಸ ಎಲ್ಲ ಕಾಲಕ್ಕೂ ಒಳ್ಳೆಯದನ್ನೇ ಮಾಡುವುದಿಲ್ಲ ಎಂಬುದಕ್ಕೆ ರೇಪಿನ್ನನೇ ನಿದರ್ಶನ. 2018ರ ಮೇ ತಿಂಗಳಲ್ಲಿ ಇನ್ನೊಬ್ಬ ಸಂದರ್ಶಕ ಲೋಹದ ಕಂಬದಿಂದ ಇದೇ ಚಿತ್ರಕ್ಕೆ ಹೊಡೆದು ಹರಿದ.

'ಸುಲ್ತಾನನಿಗೆ ಉತ್ತರ ಬರೆಯುತ್ತಿರುವ ಜಪೊರೋಜಿಯನ್ ಕೊಸಾಕರು' (1880–91) ಚಿತ್ರದಲ್ಲಿ ಉಕ್ರೇನಿನ ಕೊಸಾಕ್ ಯೋಧರು ಟರ್ಕಿಯ ಸುಲ್ತಾನನಿಗೆ ಬೈಗುಳದ ಉತ್ತರ ಬರೆಯುತ್ತಿದ್ದಾರೆ. ಇದು ನಗುವಿನ ವಿಶ್ವಕೋಶವೇ ಸರಿ: ಕಿಸಕ್ಕೆನ್ನುವ ನಗು, ಹೊಟ್ಟೆ ಹಿಡಿದ ನಗು, ಹಲ್ಲಿಲ್ಲದ ಬಾಯಿಯ ನಗು. ಉಡುಪು, ಆಯುಧಗಳ ವಿವರಕ್ಕೆ ಇತಿಹಾಸಕಾರ ದ್ಮಿತ್ರೊ ಯವೊರ್ನಿತ್ಸ್ಕಿ ನೆರವಾದ. ಪತ್ರ ಬರೆಯುವ ಗುಮಾಸ್ತನಿಗೆ ಮಾದರಿಯೂ ಅವನೇ. ಮೂರನೆಯ ಅಲೆಕ್ಸಾಂಡರ್ ಇದನ್ನು 35,000 ರೂಬಲ್‌ಗೆ ಕೊಂಡ.

ತಂತ್ರದ ದೃಷ್ಟಿಯಿಂದ ಹೆಚ್ಚು ಕಲಿಸುವುದು 1903ರ 'ರಾಜ್ಯ ಪರಿಷತ್ತಿನ ವಿಶೇಷ ಸಭೆ'. ಪರಿಷತ್ತಿನ ಶತಮಾನೋತ್ಸವದ ಸಭೆಯನ್ನು ಚಿತ್ರಿಸುವಂತೆ ಬಂದ ಸರ್ಕಾರಿ ಆದೇಶ ಅದು. 4 ಮೀಟರ್ ಎತ್ತರ, 8.77 ಮೀಟರ್ ಅಗಲ, ಎಂಬತ್ತರಷ್ಟು ಜನ. ಕುಸ್ತೊದಿಯೆವ್, ಕುಲಿಕೊವ್ ಎಂಬ ಇಬ್ಬರು ಶಿಷ್ಯರು ಜೊತೆಗೆ ದುಡಿದರು, ಫೋಟೊಗಳ ನೆರವೂ ಇತ್ತು. ಬಲಗೈ ನೋವಿನಿಂದ ಸೋಲುತ್ತಿದ್ದುದರಿಂದ ರೇಪಿನ್ ಎಡಗೈಯನ್ನೂ ಪಳಗಿಸಿಕೊಂಡ. ಮುಂದೆ ಬಣ್ಣದ ಹಲಗೆಯನ್ನು ಸೊಂಟಕ್ಕೆ ಬೆಲ್ಟಿನಂತೆ ಕಟ್ಟಿಕೊಂಡು ಬರೆಯುತ್ತಿದ್ದ. ದೊಡ್ಡ ಚಿತ್ರ ಸಭಾಂಗಣದ ದಾಖಲೆಯಾಗಿ ಉಳಿದಿದೆ, ಅಷ್ಟೇ. ಅದಕ್ಕಾಗಿ ಒಂದೆರಡು ಬೈಠಕ್ಕುಗಳಲ್ಲಿ ಬರೆದ ಒಬ್ಬೊಬ್ಬ ಮಂತ್ರಿಯ ಅಭ್ಯಾಸಚಿತ್ರಗಳು ಮಾತ್ರ ಅಸಾಮಾನ್ಯ. ಕೈಯ ಬೆರಳುಗಳನ್ನು ಬಿಡಿಸಿಲ್ಲ, ಸಮವಸ್ತ್ರದ ಚಿನ್ನದ ಕಸೂತಿ ಹತ್ತಿರದಿಂದ ನೋಡಿದರೆ ಹಳದಿ ಬಣ್ಣದ ಗೀಚು. ಎರಡು ಹೆಜ್ಜೆ ಹಿಂದೆ ಸರಿದರೆ ಅಧಿಕಾರದಲ್ಲಿ ಮುದುಕರಾದವರ ಆಯಾಸ, ಕಪಟ, ನಿದ್ದೆ ಎಲ್ಲವೂ ಎದ್ದು ಬರುತ್ತವೆ. ಚರ್ಚಿನ ಆಡಳಿತಾಧಿಕಾರಿ ಪೊಬೆದೊನೊಸ್ತ್ಸೆವ್‌ನ ಅಭ್ಯಾಸಚಿತ್ರದಲ್ಲಿ ಮುಖವೇ ಮೇಣದಂತೆ ಬಿಳಿಚಿದೆ. ಬೇಗ ಬರೆದಾಗಲೇ ರೇಪಿನ್ ಹೆಚ್ಚು ನಿಜ ಹೇಳುತ್ತಾನೆ ಎಂಬ ಮಾತು ಇಲ್ಲಿ ರುಜುವಾತಾಗುತ್ತದೆ.

ರೇಪಿನ್‌ನ ಕೀರ್ತಿಯ ಇತಿಹಾಸ ಅವನ ಚಿತ್ರಗಳಷ್ಟೇ ಏರುಪೇರಿನದು. ವಿಮರ್ಶಕ ಸ್ತಾಸೊವ್ ಬಹುಕಾಲ ಅವನ ಬೆನ್ನಿಗೆ ನಿಂತ. 1898ರ ಬಳಿಕ 'ಮೀರ್ ಇಸ್ಕುಸ್ತ್ವಾ' ಪತ್ರಿಕೆಯ ತರುಣರಿಗೆ ಕಥೆ ಹೇಳುವ ಚಿತ್ರವೆಂದರೆ ಅಲರ್ಜಿ. ರೇಪಿನ್ ಅವರೊಡನೆ ಬಹಿರಂಗವಾಗಿ ಜಗಳಾಡಿದ. ರಷ್ಯಾದಲ್ಲಿ ಕ್ರಾಂತಿಯಾದಾಗ ಅವನು ಆಗ ಫಿನ್ಲೆಂಡಿಗೆ ಸೇರಿದ್ದ ಕುವೊಕ್ಕಲದ 'ಪೆನಾತಿ' ಮನೆಯಲ್ಲಿದ್ದ. ಫಿನ್ಲೆಂಡ್ ಸ್ವತಂತ್ರವಾಗಿ ಗಡಿ ಮುಚ್ಚಿಕೊಂಡಿತು, ರೇಪಿನ್ ಆಚೆಯೇ ಉಳಿದ. 1926ರಲ್ಲಿ ಸೋವಿಯತ್ ನಿಯೋಗ ಬಂದು ಕರೆದರೂ ಮರಳಲಿಲ್ಲ. ಆದರೂ 1930ರ ದಶಕದಲ್ಲಿ ಸಮಾಜವಾದಿ ವಾಸ್ತವವಾದಕ್ಕೆ ಅವನನ್ನೇ ಮೂಲಪುರುಷನಾಗಿ ಕೂರಿಸಲಾಯಿತು, 1944ರಲ್ಲಿ ಲೆನಿನ್‌ಗ್ರಾಡಿನ ಕಲಾಶಾಲೆಗೆ ಅವನ ಹೆಸರು ಬಂತು. ಈ ಪಟ್ಟವೇ ಪಶ್ಚಿಮದಲ್ಲಿ ಅವನಿಗೆ ಮುಳುವಾಯಿತು. ಅಮೆರಿಕದ ವಿಮರ್ಶಕ ಕ್ಲೆಮೆಂಟ್ ಗ್ರೀನ್‌ಬರ್ಗ್ 1939ರ ತನ್ನ ಪ್ರಸಿದ್ಧ ಪ್ರಬಂಧದಲ್ಲಿ ಅಗ್ಗದ ಕಲೆಗೆ ಉದಾಹರಣೆಯಾಗಿ ರೇಪಿನ್‌ನ ಯುದ್ಧಚಿತ್ರವೊಂದನ್ನು ವರ್ಣಿಸಿದ. ರೇಪಿನ್ ಯುದ್ಧಚಿತ್ರ ಬರೆದವನೇ ಅಲ್ಲ. ಆಮೇಲೆ ಗ್ರೀನ್‌ಬರ್ಗ್ ಅದನ್ನು ಒಪ್ಪಿಕೊಂಡ. ನೋಡದೆ ಬಯ್ದ ಚಿತ್ರ ಎಂಬ ಹೆಗ್ಗಳಿಕೆ ಕಲಾಚರಿತ್ರೆಯಲ್ಲಿ ಹೆಚ್ಚಿನವಕ್ಕೆ ಸಿಕ್ಕಿಲ್ಲ.

ನಿಜವಾದ ದೋಷಗಳೂ ಇವೆ. ಭಾವದ ತುತ್ತತುದಿಯನ್ನು ಹಿಡಿಯುವ ಆಸೆಯಲ್ಲಿ ಕೆಲವು ಚಿತ್ರಗಳು ರಂಗಸ್ಥಳದ ಕಡೆ ವಾಲುತ್ತವೆ. ಇವಾನನ ಅಗಲಿಸಿದ ಕಣ್ಣುಗಳ ಬಗ್ಗೆ ಈ ದೂರು ಇಂದಿಗೂ ಇದೆ. 1905ರ ಈಚಿನ ಕೃತಿಗಳಲ್ಲಿ ರೇಖೆ ಸಡಿಲ, ಬಣ್ಣ ಕಲಸುಮೇಲೋಗರ. ಅವನನ್ನು ಯಾವ ದೇಶದವನೆಂದು ಕರೆಯಬೇಕೆಂಬ ತಕರಾರು ಉಕ್ರೇನಿನ ಮೇಲೆ ರಷ್ಯಾ 2022ರಲ್ಲಿ ಹೂಡಿದ ಯುದ್ಧದ ಬಳಿಕ ಜೋರಾಗಿದೆ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ 2023ರಲ್ಲಿ ತನ್ನ ಫಲಕದಲ್ಲಿ ಅವನನ್ನು ಉಕ್ರೇನಿಯನ್ ಎಂದು ತಿದ್ದಿತು. ಹುಟ್ಟೂರು, ಬಾಲ್ಯದ ಕಸುಬು, ಕೊಸಾಕರ ಮೇಲಿನ ಪ್ರೀತಿ ಒಂದು ಕಡೆಗಿದ್ದರೆ, ವಿದ್ಯಾಭ್ಯಾಸ, ಪೋಷಕರು, ಬಹುಪಾಲು ವಸ್ತು ಇನ್ನೊಂದು ಕಡೆಗಿವೆ. ಎರಡನ್ನೂ ಒಪ್ಪಿಕೊಂಡು ಬರೆಯುವುದೇ ಪ್ರಾಮಾಣಿಕ.

ರೇಪಿನ್‌ನ ಮುಖ್ಯ ಕೃತಿಗಳು ಮಾಸ್ಕೋದ ಟ್ರೆಟ್ಯಾಕೊವ್ ಗ್ಯಾಲರಿ ಮತ್ತು ಸೇಂಟ್ ಪೀಟರ್ಸ್‌ಬರ್ಗ್‌ನ ರಷ್ಯನ್ ಮ್ಯೂಸಿಯಂನಲ್ಲಿವೆ. ಕೊಸಾಕರ ಚಿತ್ರದ ಎರಡನೆಯ ಪ್ರತಿ ಖಾರ್ಕಿವ್ ನಗರದ ಸಂಗ್ರಹದ್ದು. ಮುದ್ರಿತ ಪ್ರತಿಗಳಲ್ಲಿ ಪರಿಚಯ ಮಾಡಿಕೊಳ್ಳುವವರು ದೊಡ್ಡ ಚಾರಿತ್ರಿಕ ಚಿತ್ರಗಳಿಗಿಂತ ಮೊದಲು ಮುಸೋರ್ಗ್‌ಸ್ಕಿಯ ಭಾವಚಿತ್ರವನ್ನೂ ಪರಿಷತ್ತಿನ ಅಭ್ಯಾಸಚಿತ್ರಗಳನ್ನೂ ನೋಡುವುದು ಒಳ್ಳೆಯದು.